ಪಂಚಾಯಿತಿ ಕಿರಾಣಿ ಅಂಗಡಿಯ ಮದುವೆ ಯಾದಿಗಳು

ಸರ್ಕಾರ ಕೂತು ಸಕ್ಕರೆ ಮಾರಿದರೆ ಏನಾಗುತ್ತದೆ ಎಂಬ ಬಗ್ಗೆ ಪಂಡಿತರಲ್ಲಿ ಭಿನ್ನಾಭಿಪ್ರಾಯವಿದೆಯಂತೆ. ನನ್ನಲ್ಲಿ ಇಲ್ಲ. ಒಂದು ದೀಪಾವಳಿಯಿಂದ ಮರುವರ್ಷದ ಮೊದಲ ಮಳೆಯವರೆಗೆ ನಾನೇ ಕೂತು ಮಾರಿದ್ದೇನೆ.

ಊರಿನ ಹೆಸರು ಬೇಡ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಕಡೆಯ ಬಸ್ಸು ನಿಲ್ಲುವ, ಆದರೆ ಆ ಮೂರರಲ್ಲಿ ಯಾವುದೂ ಅಲ್ಲದ ಸಣ್ಣ ಪೇಟೆ ಎಂದು ಇಟ್ಟುಕೊಳ್ಳಿ. ಕಿರಾಣಿ ಸಾಮಾನಿನ ಬೆಲೆ ಕೈಮೀರಿದೆ ಎಂದು ಅಲ್ಲಿಯ ಪಟ್ಟಣ ಪಂಚಾಯಿತಿ ಮೂರು ಸಭೆಗಳಲ್ಲಿ ಕಳವಳ ವ್ಯಕ್ತಪಡಿಸಿ, ನಾಲ್ಕನೆಯದರಲ್ಲಿ ತಾನೇ ಅಂಗಡಿ ಇಡುವುದೆಂದು ಠರಾವು ಮಾಡಿತು. ಹಳೆಯ ಜಕಾತಿ ಕಟ್ಟೆಯ ಕಟ್ಟಡ ಖಾಲಿ ಬಿದ್ದಿತ್ತು. ಅದಕ್ಕೆ ಸುಣ್ಣ ಬಳಿದರು. ಮಹಿಳಾ ಸಂಘದ ನಾಲ್ವರನ್ನು ಕೌಂಟರಿನ ಕೆಲಸಕ್ಕೆ ತೆಗೆದುಕೊಂಡರು. ಸಹಕಾರಿ ಸಂಘವೊಂದರ ಕಿರಾಣಿ ವಿಭಾಗದಿಂದ ನಿವೃತ್ತನಾಗಿ, ಮನೆಯಲ್ಲಿ ಹೆಂಡತಿಯ ಸಾಂಬಾರ ಡಬ್ಬಿಗಳಿಗೆ ಚೀಟಿ ಅಂಟಿಸುತ್ತ ಆಕೆಯ ತಾಳ್ಮೆ ಪರೀಕ್ಷಿಸುತ್ತಿದ್ದ ನನ್ನನ್ನು ಗೌರವಧನದ ಮೇಲೆ ವ್ಯವಸ್ಥಾಪಕನೆಂದು ಕರೆದರು. ಷರತ್ತು ಒಂದೇ. ಜೂನ್ ತಿಂಗಳ ಸಭೆಯೊಳಗೆ ಅಂಗಡಿಯು ಆ ನಾಲ್ವರ ಸಂಬಳವನ್ನು ತಾನೇ ದುಡಿದು ತೋರಿಸಬೇಕು. ಇಲ್ಲವಾದರೆ ಬಾಗಿಲು ಹಾಕಿ ಕಟ್ಟಡವನ್ನು ಬಾಡಿಗೆಗೆ ಹರಾಜು ಮಾಡುವುದು.

ಬಾಡಿಗೆ ಇಲ್ಲ, ಲಾಭದ ಆಸೆ ಇಲ್ಲ, ಕೊಂಡ ದರದ ಮೇಲೆ ನೂರಕ್ಕೆ ನಾಲ್ಕು ಇಟ್ಟು ಮಾರಿದರೆ ಸಾಕು. ಗೆಲ್ಲದೆ ಇರಲು ಕಾರಣವೇ ಇರಲಿಲ್ಲ. ಕಾರಣಗಳು ಮೊದಲ ವಾರದಿಂದ ಒಂದೊಂದಾಗಿ ಬಂದು ಹಾಜರಿ ಹಾಕಿದವು.

ನಮ್ಮ ಖರೀದಿ ಟೆಂಡರಿನ ಮೇಲೆ. ಟೆಂಡರು ಹಿಡಿದ ಸರಬರಾಜುದಾರ ಮೂರು ತಿಂಗಳು ಒಂದೇ ದರಕ್ಕೆ ಸಾಮಾನು ಕೊಡಬೇಕು, ನಾವು ಮೂರು ತಿಂಗಳು ಒಂದೇ ದರಕ್ಕೆ ಮಾರಬೇಕು. ಪೇಟೆಯ ಬೆಲೆಗೆ ಈ ಕರಾರು ಗೊತ್ತಿಲ್ಲ. ಅದು ಏರುವಾಗ ಏರುತ್ತದೆ, ಇಳಿಯುವಾಗ ಇಳಿಯುತ್ತದೆ. ನಮ್ಮ ಹಲಗೆಯ ಮೇಲಿನ ಸಕ್ಕರೆ ದರವನ್ನು ಒಂದು ರೂಪಾಯಿ ಇಳಿಸಲು ಉಪಸಮಿತಿ ಸೇರಬೇಕು, ಕೋರಂ ಆಗಬೇಕು. ಎದುರಂಗಡಿಯವರಿಗೆ ಸೀಮೆಸುಣ್ಣ ಒದ್ದೆ ಮಾಡಿಕೊಳ್ಳುವಷ್ಟೇ ತಡ.

ಎದುರಂಗಡಿಯ ಭಾಯಿಯವರ ಮನೆತನ ಮೂರು ತಲೆಮಾರಿನಿಂದ ಅಲ್ಲಿ ವ್ಯಾಪಾರ ಮಾಡುತ್ತ ಬಂದಿತ್ತು. ದಿನಾ ಬೆಳಿಗ್ಗೆ ಅವರು ರಸ್ತೆ ದಾಟಿ ಬಂದು, ಕನ್ನಡಕ ಏರಿಸಿ, ನಮ್ಮ ಹಲಗೆಯನ್ನು ಶ್ರದ್ಧೆಯಿಂದ ಓದಿ, ಹಿಂದೆ ಹೋಗಿ ತಮ್ಮದರ ಮೇಲೆ ಗಿಟ್ಟುವ ಸಾಮಾನಿಗೆಲ್ಲ ಒಂದೊಂದು ರೂಪಾಯಿ ಕಡಿಮೆ ಬರೆಯುತ್ತಿದ್ದರು.

"ನಿಮ್ಮಿಂದ ಭಾಳ ಉಪಕಾರ ಆಯ್ತು ಮ್ಯಾನೇಜರ್ರೆ," ಎಂದರು ಒಂದು ದಿನ. "ಮೊದ್ಲು ರೇಟ್ ಎಷ್ಟು ಹಾಕೂದು ಅಂತ ತಲೆ ಕೆಡ್ತಿತ್ತು. ಈಗ ಪಂಚಾಯ್ತೀನೇ ಬರ್ಕೊಡ್ತದೆ."

"ಕಾಪಿ ಹೊಡೆದರೆ ಪಾಸಾಗೋದಿಲ್ಲ ಭಾಯಿ."

"ಕಾಪಿ ಎಲ್ಲಿ ಹೊಡೆದೆ? ಒಂದ್ರೂಪಾಯಿ ಕಮ್ಮಿ ಬರೀತೆ ಅಲ್ಲ!"

ಗಿರಾಕಿಗಳು ಇನ್ನೂ ಜಾಣರು. ಪೇಟೆಗಿಂತ ನಮ್ಮಲ್ಲಿ ಅಗ್ಗವಾದದ್ದನ್ನು ಮಾತ್ರ ನಮ್ಮಲ್ಲಿ ಕೊಂಡು, ಉಳಿದದ್ದಕ್ಕೆ ಅದೇ ಚೀಲ ಹಿಡಿದು ರಸ್ತೆ ದಾಟುತ್ತಿದ್ದರು. ಅಂಗಡಿಯ ಹೊಟ್ಟೆ ತುಂಬುವುದು ಸಾಬೂನು, ಬಿಸ್ಕೀಟು, ಸಾಸಿವೆಗಳಿಂದ; ಅವು ಭಾಯಿಯವರಿಗೆ. ಮೈಮುರಿದು ಹೊರುವ, ನೂರಕ್ಕೆ ನಾಲ್ಕೂ ಗಿಟ್ಟದ ಸಕ್ಕರೆ ಬೇಳೆ ನಮಗೆ. ಸಂಕ್ರಾಂತಿಯ ಹೊತ್ತಿಗೆ ನಾಲ್ವರಲ್ಲಿ ಒಬ್ಬರ ಸಂಬಳವಷ್ಟೇ ಹುಟ್ಟುತ್ತಿತ್ತು.

ಇಲ್ಲಿ ತೂಕದವನ ಪ್ರವೇಶ. ನಾನಿದ್ದ ಸಹಕಾರಿ ಸಂಘದ ಗೋದಾಮಿನಲ್ಲಿ ಇಪ್ಪತ್ತಾರು ವರ್ಷ ತಕ್ಕಡಿ ಹಿಡಿದವನು. ನನ್ನದೇ ವಯಸ್ಸು, ನಾನು ನಿವೃತ್ತನಾದ ವರ್ಷವೇ ನಿವೃತ್ತಿ. ಚೀಲದ ಹೊಲಿಗೆ ನೋಡಿ ಒಳಗಿನ ತೂಕ ಹೇಳುತ್ತಿದ್ದ. ಠರಾವಿನಲ್ಲಿ ಅವನಿಗೆ ಜಾಗವಿರಲಿಲ್ಲ. ನಾನೇ ಅವನ ಮನೆಗೆ ಹೋಗಿ, "ಬಾ ಮಾರಾಯ, ಗೋದಾಮು ನೋಡ್ಕ್ಯಂಡು ಕೂತ್ಗ, ಹೊತ್ತು ಹೋಗ್ತು," ಎಂದು ಕರೆತಂದಿದ್ದೆ. ದಿನಕ್ಕೆ ಎರಡು ಚಾ, ಒಂದು ಎಲೆಯಡಿಕೆ ಕವಳ. ಅದಕ್ಕಿಂತ ಹೆಚ್ಚಿನದನ್ನು ಅವನೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ.

"ಹಿಂಗೆ ಕಾಲ್ಕೇಜಿ ಅರ್ಧಕೇಜಿ ತೂಗಿದ್ರೆ ಆ ಹೆಂಗಸರ ಸಂಬಳ ಹುಟ್ತಿಲ್ಲೆ," ಎಂದ ಅವನು. "ಮದುವೆ ಯಾದಿ ಹಿಡಿ."

ನಮ್ಮ ಕಡೆ ಮದುವೆ, ಉಪನಯನಗಳ ಸಾಮಾನಿನ ಪಟ್ಟಿಗೆ ಯಾದಿ ಎನ್ನುತ್ತಾರೆ. ಅದನ್ನು ಬರೆಯುವವರು ಅಡಿಗೆ ಭಟ್ಟರು. ಊಟದ ಮನೆಯಲ್ಲಿ ಸಾಮಾನು ಕಡಿಮೆ ಬಿದ್ದರೆ ಮನೆತನದ ಮಾನ ಹೋಯಿತು. ಆದ್ದರಿಂದ ನೂರು ಕೆಜಿ ಬೇಕಾದಲ್ಲಿ ಭಟ್ಟರು ನೂರಾ ಮೂವತ್ತು ಬರೆಯುತ್ತಾರೆ. ಮಿಕ್ಕದ್ದೇನಾಗುತ್ತದೆ ಎಂದರೆ, ಹೊಲಿಗೆ ಬಿಚ್ಚದ ಚೀಲಗಳನ್ನು ಅಂಗಡಿಯವನು ಕೊಟ್ಟ ದರಕ್ಕೇ ವಾಪಸು ತೆಗೆದುಕೊಳ್ಳುತ್ತಾನೆ. ಇದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ತಪ್ಪುವುದೂ ಇಲ್ಲ.

ಪಂಚಾಯಿತಿ ಅಂಗಡಿಯಲ್ಲಿ ಮಾತ್ರ "ಮಾರಿದ ಮಾಲನ್ನು ಹಿಂದಕ್ಕೆ ತೆಗೆದುಕೊಳ್ಳಲಾಗುವುದಿಲ್ಲ" ಎಂದು ಗೋಡೆಯ ಮೇಲೆ ಬರೆದಿತ್ತು.

"ಅದನ್ನ ಅಳಸು," ಎಂದ ತೂಕದವ. "ವಾಪಸ್ ತಗತ್ವಿಲ್ಲೆ ಹೇಳಿದ್ರೆ ಯಾರೂ ನಿಂಗೆ ಯಾದಿ ಕೊಡ್ತ್ವಿಲ್ಲೆ."

ಮಾತು ಸರಿ ಇತ್ತು. ನಾನು ಎರಡು ದಿನ ಕೂತು ಆರು ನಿಯಮಗಳನ್ನು ರಚಿಸಿದೆ. ಕಾರ್ಯ ಇನ್ನೊಂದು ತಿಂಗಳಿದೆ ಎನ್ನುವಾಗಲೇ ಯಾದಿ ಕೊಟ್ಟು ಸಾಮಾನು ಒಯ್ಯಬಹುದು. ಕಾರ್ಯ ಮುಗಿದ ಹದಿನೈದು ದಿನದೊಳಗೆ, ಹೊಲಿಗೆ ಬಿಚ್ಚದ ಚೀಲ, ಸೀಲು ಒಡೆಯದ ಡಬ್ಬಿ ವಾಪಸು ತರಬಹುದು. ಕೊಟ್ಟ ದರ ಹಿಂತಿರುಗುವುದು. ದುರುಪಯೋಗ ತಡೆಯಲು, ಯಾದಿಯ ಜೊತೆ ಮುದ್ರಿತ ಲಗ್ನಪತ್ರಿಕೆ ಲಗತ್ತಿಸತಕ್ಕದ್ದು. ಈ ಕಡೆಯ ನಿಯಮದ ಬಗ್ಗೆ ನನಗೆ ವಿಶೇಷ ಅಭಿಮಾನವಿತ್ತು. ಇಲ್ಲದ ಮದುವೆಗೆ ಪತ್ರಿಕೆ ಹೊಡೆಸುವ ಅಮಂಗಳ ಕೆಲಸವನ್ನು ನಮ್ಮ ಸೀಮೆಯಲ್ಲಿ ಯಾರೂ ಮಾಡಲಾರರು ಎಂಬುದು ನನ್ನ ತರ್ಕ. ತರ್ಕ ಇಂದಿಗೂ ಸರಿಯಾಗಿಯೇ ಇದೆ. ಉಪಸಮಿತಿಯು ನಿಯಮಗಳನ್ನು ಓದದೆ, ಸರ್ವಾನುಮತದಿಂದ ಒಪ್ಪಿತು.

ಯಾದಿಗಳು ಬಂದವು. ಹೊರಗಿನ ಗಿರಾಕಿಗಳನ್ನು ನೋಡಿ, ಯಾದಿ ಹಿಡಿದು, ಸಾಮಾನು ಹೇರಿಸಿ ಕಳಿಸುವ ಕೆಲಸವನ್ನೆಲ್ಲ ತೂಕದವನೇ ವಹಿಸಿಕೊಂಡ. ನಾನು ಪತ್ರಿಕೆ ಲಗತ್ತಾಗಿದೆಯೇ ಎಂದು ನೋಡಿ ಸಹಿ ಹಾಕುತ್ತಿದ್ದೆ. ಮಾಘ ಕಳೆಯುವಾಗ ಮೂವರ ಸಂಬಳ ಹುಟ್ಟಿತು. ಮರುತಿಂಗಳು ನಾಲ್ವರದೂ. ಪಂಚಾಯಿತಿಯ ಮುಖ್ಯಾಧಿಕಾರಿಗಳು ಹಾವೇರಿ ಕಡೆಯವರು, ಒಂದು ದಿನ ತಾವೇ ಬಂದು, "ಭಾಳ ಚಲೋ ನಡಿಸೀರಿ ಬಿಡ್ರಿ. ನಿಮ್ಮ ಅಂಗಡಿ ಮಾದರಿ ಅಂಗಡಿ ಅಂತ ಬರದು ಕಳಸ್ತೀನ್ರಿ," ಎಂದರು. ನಾನು ವಿನಯದಿಂದ ತಲೆ ತಗ್ಗಿಸಿದೆ. ವಿನಯ ನನಗೆ ಒಗ್ಗುವುದಿಲ್ಲ ಎಂದು ಹೆಂಡತಿ ಆಗಾಗ ಎಚ್ಚರಿಸುತ್ತಾಳೆ.

ಆ ಹೊತ್ತಿಗೆ ಕೊಬ್ಬರಿ ಎಣ್ಣೆಯ ಬೆಲೆ ಏರತೊಡಗಿತ್ತು. ತೊಗರಿಬೇಳೆಯೂ ಅದರ ಹಿಂದೆ ಹತ್ತಿತು. ಸಕ್ಕರೆ ಬೆಲ್ಲ ಇಳಿಯುತ್ತಿದ್ದವು. ನಮ್ಮ ಹಲಗೆ ಎಂದಿನಂತೆ ಸ್ಥಿತಪ್ರಜ್ಞ. ಎಣ್ಣೆ ಡಬ್ಬಿ ಬಂದ ದಿನವೇ ಯಾದಿಗಳಿಗೆ ಹೊರಟುಹೋಗುತ್ತಿತ್ತು. ಅರ್ಧ ಲೀಟರು ಕೇಳಿ ಬಂದ ಪೇಟೆಯವರಿಗೆ ಕೌಂಟರಿನ ಹಿರಿಯಾಕೆ "ಖಾಲಿ" ಎಂದು ಹೇಳಿ ಹೇಳಿ ಸೋತಿದ್ದಳು. ಮಹಿಳಾ ಸಂಘದ ನಾಲ್ವರಲ್ಲಿ ಅವಳು ಹಿರಿಯವಳು, ಬಿಲ್ಲು ಹೊಡೆಯುತ್ತಿದ್ದಳು.

ಯುಗಾದಿ ಕಳೆದ ಮೇಲೆ ವಾಪಸು ಬರತೊಡಗಿತು. ಮೊದಲು ಹತ್ತು ಚೀಲ, ಆಮೇಲೆ ಮೂವತ್ತು. ಭಟ್ಟರು ಕೈಬಿಚ್ಚಿ ಬರೆಯುತ್ತಾರೆ, ಸಹಜ ಎಂದುಕೊಂಡೆ. ಗೋದಾಮಿನ ಒಂದು ಮೂಲೆ ತುಂಬಿತು. ಸರಬರಾಜುದಾರ ಒಮ್ಮೆ ಕೊಟ್ಟದ್ದನ್ನು ಹಿಂದಕ್ಕೆ ಒಯ್ಯುವವನಲ್ಲ. ಬೆಲ್ಲದ ಚೀಲಗಳು ಸೆಕೆಗೆ ಬೆವರಿ ನೆಲಕ್ಕೆ ಅಂಟಿದವು. ಒಂದು ಮಧ್ಯಾಹ್ನ ಕಾಲಿಗೆ ಬೆಲ್ಲ ಮೆತ್ತಿಕೊಂಡು ಅಲ್ಲಿ ನಿಂತಾಗ ನನಗೆ ಒಂದು ಸಣ್ಣ ಸಂಗತಿ ಕಣ್ಣಿಗೆ ಬಿತ್ತು. ವಾಪಸು ಬಂದದ್ದರಲ್ಲಿ ಸಕ್ಕರೆ ಇತ್ತು, ಬೆಲ್ಲ ಇತ್ತು. ಒಂದು ಡಬ್ಬಿ ಎಣ್ಣೆಯೂ ಇರಲಿಲ್ಲ. ಒಂದು ಚೀಲ ತೊಗರಿಬೇಳೆಯೂ ಇರಲಿಲ್ಲ.

ಬೆಲೆ ಏರಿದ್ದೆಲ್ಲ ಮದುವೆಯಲ್ಲಿ ತೀರಿತ್ತು, ಇಳಿದದ್ದೆಲ್ಲ ಮಿಕ್ಕಿತ್ತು. ಎಣ್ಣೆ ಕುಡಿದು ಸಿಹಿ ಬಿಡುವ ಇಂಥ ಬೀಗರನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ.

ಯಾದಿಗಳ ಕಡತ ತೆಗೆದು ಕೂತೆ. ಪತ್ರಿಕೆಗಳೆಲ್ಲ ಅಸಲಿ. ಆದರೆ ತ್ಯಾಗಲಿ ಕಡೆಯ ಒಂದೇ ಮದುವೆಯ ಪತ್ರಿಕೆ ಮೂರು ಬೇರೆ ಬೇರೆ ಯಾದಿಗಳಿಗೆ ಲಗತ್ತಾಗಿತ್ತು. ಹುಡುಗಿ ಮನೆ, ಹುಡುಗನ ಮನೆ, ಇನ್ನೊಂದು ಯಾರ ಮನೆ? ಮದುವೆ ಆ ಭಾನುವಾರವೇ. ಆ ಮನೆಯವರು ಅಕ್ಷತೆ ಕೊಟ್ಟು ಕರೆದೂ ಇದ್ದರು. ಅಂಗಡಿ ಶುರುವಾದಂದಿನಿಂದ ನಾನು ಒಂದು ಮದುವೆಗೂ ಹೋಗಿರಲಿಲ್ಲ. ಅವತ್ತು ಹೋದೆ. ಮಂಟಪದ ಕಡೆ ಮುಖ ತೋರಿಸಿ, ನೇರ ಅಡಿಗೆ ಚಪ್ಪರದ ಹಿಂದಿನ ಉಗ್ರಾಣಕ್ಕೆ ನಡೆದೆ. ಅಲ್ಲಿದ್ದ ಚೀಲಗಳ ಮೇಲೆಲ್ಲ ಸಿದ್ದಾಪುರದ ಒಂದು ಅಂಗಡಿಯ ಗುರುತು.

ಅಡಿಗೆ ಭಟ್ಟರು ಹೋಳಿಗೆ ಕಾವಲಿಯ ಮುಂದೆ ನಿಂತಿದ್ದರು. "ಎಂತ ಹುಡ್ಕ್ತಾ ಇದ್ರಿ? ಊಟದ ಹಂತಿ ಆ ಬದಿಗೆ."

"ನಮ್ಮ ಅಂಗಡಿ ಸಾಮಾನು ಎಲ್ಲಿದ್ದು ಹೇಳಿ ನೋಡ್ತಾ ಇದ್ದಿ."

"ಪಂಚಾಯ್ತಿ ಅಂಗಡೀದ? ಒಂದು ಉಪ್ಪಿನ ಹರಳೂ ಬಂಜಿಲ್ಲೆ. ನಿಂಗಳ ಬೆಲ್ಲದಲ್ಲಿ ಹೋಳಿಗೆ ಮಾಡದು ಹ್ಯಾಂಗೆ ಮಾರಾಯ್ರೆ? ಹೂರಣ ಕಲಸಲೆ ಠರಾವು ಪಾಸಾಗವು, ಮಗುಚಲೆ ಕೋರಂ ಆಗವು. ಅಷ್ಟರೊಳಗೆ ಹುಡುಗಿ ಬಾಳಂತನಕ್ಕೇ ಬತ್ತು!"

ಚಪ್ಪರದಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಊಟ ಮಾಡದೆ ಹೊರಟರೆ ಮನೆಯವರಿಗೆ ಬೇಜಾರು. ಕೂತು ಹೋಳಿಗೆ ಉಂಡೆ. ಚೆನ್ನಾಗಿತ್ತು.

ಸೋಮವಾರ ಬೆಳಿಗ್ಗೆ ಭಾಯಿ ಎಂದಿನಂತೆ ಹಲಗೆ ಓದಲು ಬಂದಾಗ ನಾನು ನೇರವಾಗಿ ಕೇಳಿದೆ. "ನಮ್ಮ ಎಣ್ಣೆ ಡಬ್ಬಿ ಪೇಟೆಯಲ್ಲಿ ಓಡಾಡ್ತಾ ಉಂಟಾ?"

ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. "ನನ್ನ ಹತ್ರನೂ ನಾಕು ಡಬ್ಬಿ ತಗಂಡೆ. ಸುಳ್ಳು ಹೇಳೂದಿಲ್ಲ. ಹೋಲ್‌ಸೇಲಿಗಿಂತ ಕಮ್ಮೀಗೆ ಬಾಗಿಲಿಗೆ ಬಂದ್ರೆ ಯಾರು ಬಿಡ್ತಾರೆ? ಬಾಕಿದೆಲ್ಲ ಯಲ್ಲಾಪುರದ ಒಬ್ಬ ಹೋಲ್‌ಸೇಲಿನವ್ನಿಗೆ ಹೋಗ್ತದೆ."

"ನೀವು ನನಗೊಂದು ಮಾತು ಹೇಳಬಹುದಿತ್ತು."

"ನಾ ನಿಮ್ಮ ಎದುರಂಗಡಿಯವ ಮ್ಯಾನೇಜರ್ರೆ. ಎದುರು ನಿಂತೇ ಹೊಡೀತೆ, ಅದು ನಿಮ್ಗೂ ಕಾಣ್ತದೆ. ನಿಮ್ಮ ಪಕ್ಕ ನಿಂತವ್ರು ಯಾರು, ಅದನ್ನ ನಾ ಹೇಳಬೇಕಾ?"

ಹೇಳಬೇಕಾಗಿರಲಿಲ್ಲ. ವ್ಯವಹಾರದ ರಚನೆಯನ್ನು ನಾನು ವೃತ್ತಿಪರನಾಗಿ ಮೆಚ್ಚಲೇಬೇಕು. ಒಂದು ತಿಂಗಳು ಮೊದಲು ಯಾದಿ, ಆಮೇಲೆ ಹದಿನೈದು ದಿನ ವಾಪಸಿನ ಅವಕಾಶ. ಒಟ್ಟು ನಲವತ್ತೈದು ದಿನ ನಾವು ಒಂದೇ ಬೆಲೆ ಹಿಡಿದು ನಿಲ್ಲುವುದು, ಆ ಯಲ್ಲಾಪುರದವನು ಕೂತು ಪೇಟೆ ನೋಡುವುದು. ಬೆಲೆ ಏರಿದರೆ ಸಾಮಾನು ಅವನದು, ಇಳಿದರೆ ನಮ್ಮದು. ನಷ್ಟಪಡುವ ಸಾಧ್ಯತೆಯೇ ಇಲ್ಲದ ವ್ಯಾಪಾರವನ್ನು ಮೂರು ತಲೆಮಾರಿನ ವ್ಯಾಪಾರಿಗಳೂ ಕಟ್ಟಲಾಗಿರಲಿಲ್ಲ. ಅದನ್ನು ಆರು ನಿಯಮಗಳಲ್ಲಿ ಕಟ್ಟಿಕೊಟ್ಟವನು ನಾನು. ಬೇಕಾದದ್ದು ಮದುವೆ ಪತ್ರಿಕೆಯೊಂದೇ. ನಮ್ಮ ಕಡೆ ಮಾಘದಿಂದ ವೈಶಾಖದೊಳಗೆ ಪ್ರತಿ ಮನೆಯ ಗೂಡಿನಲ್ಲೂ ಅದು ಕಟ್ಟುಗಟ್ಟಲೆ ಬೀಳುತ್ತದೆ.

ಗೋದಾಮಿಗೆ ಹೋದೆ. ತೂಕದವ ದಬ್ಬಣ ಹಿಡಿದು ಹರಿದ ಚೀಲ ಹೊಲಿಯುತ್ತಿದ್ದ.

"ತ್ಯಾಗಲಿ ಮದುವೆಗೆ ಎಂಗಳ ಸಾಮಾನು ಹೋಜಿಲ್ಲೆ," ಎಂದೆ.

"ಹೋಜಿಲ್ಲೆ," ಎಂದ. ತಲೆ ಎತ್ತಲಿಲ್ಲ.

"ಮತ್ತೆ ಎಲ್ಲಿಗೆ ಹೋತು?"

"ಬೆಲೆ ಇದ್ದಲ್ಲಿಗೆ ಹೋತು. ಸಾಮಾನು ಮತ್ತೆಲ್ಲಿಗೆ ಹೋಗ್ತು?"

"ನಿಂಗೆ ಎಂತ ಸಿಕ್ತು?"

"ಯಲ್ಲಾಪುರದವ ಚೀಲಕ್ಕೆ ಇಷ್ಟು, ಡಬ್ಬಿಗೆ ಇಷ್ಟು ಹೇಳಿ ಕೊಡ್ತ." ದಾರ ಹಲ್ಲಿನಿಂದ ಕಡಿದ. "ಆನು ಯಾವ ನಿಯಮ ಮುರದಿ ಹೇಳು. ಪತ್ರಿಕೆ ಲಗತ್ತು ಮಾಡವು ಹೇಳಿ ನೀನು ಬರದೆ, ಆನು ಮಾಡಿದಿ. ಹೊಲಿಗೆ ಬಿಚ್ಚಲಾಗ ಹೇಳಿ ಬರದೆ, ಬಿಚ್ಚಿದ್ನಿಲ್ಲೆ. ಪತ್ರಿಕೆ ಯಾರ ಮನೇದು ಆಗವು ಹೇಳಿ ಬರದ್ಯ?"

ಬರೆದಿರಲಿಲ್ಲ.

"ಆ ನಾಕು ಹೆಂಗಸರ ಕೆಲಸ ಹೋಗ್ತು ಹೇಳಿ ಗೊತ್ತಿತ್ತಿಲ್ಯ ನಿಂಗೆ?"

"ನಿಂಗೆ ತಿಂಗಳಾ ತಿಂಗಳಾ ಗೌರವಧನ ಇದ್ದು. ಅವಕ್ಕೆ ಸಂಬಳ ಇದ್ದು. ಎಂಗೆ ಎಂತ ಇದ್ದು? ಎರಡು ಚಾ."

"ಕೇಳಿದ್ರೆ ಕೊಡಸ್ತಿದ್ದಿ ಮಾರಾಯ. ಕೇಳಲಾಗಿತ್ತು."

ಅವನು ಆಗ ಮೊದಲ ಸಲ ನನ್ನ ಮುಖ ನೋಡಿದ. "ಇಪ್ಪತ್ತಾರು ವರ್ಷ ಎಂತೂ ಕೇಳಿದ್ನಿಲ್ಲೆ ಹೇಳೇ ಅಲ್ದ, ನೀನು ಎನ್ನ ಒಳ್ಳೆಯವ ಹೇಳಿ ಎಲ್ಲರ ಹತ್ರ ಹೊಗಳ್ತಾ ಬಂದಿದ್ದು?"

ದಬ್ಬಣವನ್ನು ಚೀಲಕ್ಕೆ ಚುಚ್ಚಿಟ್ಟು, ಮೆಟ್ಟು ಹಾಕಿಕೊಂಡು ಹೋದ. ಮರುದಿನದಿಂದ ಬರಲಿಲ್ಲ.

ನನ್ನ ಮುಂದೆ ಎರಡು ದಾರಿ. ವಾಪಸಿನ ನಿಯಮವನ್ನು ವೈಶಾಖ ಮುಗಿಯುವವರೆಗೆ ನಡೆಸಿದರೆ ಯಲ್ಲಾಪುರದ ಸಕ್ಕರೆಯೆಲ್ಲ ನಮ್ಮ ಗೋದಾಮಿಗೆ ಬಂದು ಅಂಗಡಿ ಮುಳುಗುತ್ತದೆ. ಅಂದೇ ನಿಲ್ಲಿಸಿದರೆ ನಿಜವಾದ ಮದುವೆಯವರಿಗೂ ಕೊಟ್ಟ ಮಾತು ತಪ್ಪಿದಂತೆ. ಯಾವುದು ನಿಜದ ಯಾದಿ, ಯಾವುದು ಸುಳ್ಳಿನದು ಎಂದು ಬಲ್ಲವನು ಮೆಟ್ಟು ಹಾಕಿಕೊಂಡು ಹೋಗಿದ್ದ. ನಾನು ಅಂದೇ ನಿಲ್ಲಿಸಿದೆ. ಗೋಡೆಯ ಮೇಲೆ ಹಳೆಯ ಸಾಲನ್ನು ಮತ್ತೆ ಬರೆಸಿದೆ.

ಮೊದಲು ಬಂದವನು ಟೆಂಪೋ ಓಡಿಸುವ ಒಬ್ಬ. ತಂಗಿಯ ನಿಕಾಹ್‌ಗೆ ನಮ್ಮಲ್ಲೇ ಎಲ್ಲ ಸಾಮಾನು ಒಯ್ದಿದ್ದ. ಮಿಕ್ಕ ಎರಡು ಚೀಲ ಸಕ್ಕರೆ ಇಳಿಸಿ, ಗೋಡೆ ಓದಿ, ನನ್ನ ಕಡೆ ತಿರುಗಿದ. "ಇದು ಯಾವಾಗ ಬರೆದ್ರಿ ಸರ್?"

"ನಿನ್ನೆ."

"ನಮ್ಮ ತಂಗೀದು ಮೊನ್ನೆ ಆಯ್ತು. ಹದಿನೈದು ದಿನ ಟೈಮ್ ಉಂಟು ಅಂತ ನೀವೇ ಹೇಳಿದ್ರಿ. ಸರ್ಕಾರದ ಅಂಗಡಿ ಮಾತು ತಪ್ಪೂದಿಲ್ಲ ಅಂತಲ್ವಾ ನಾವು ಇಲ್ಲಿಗೆ ಬಂದದ್ದು?"

ನಿಯಮ ಬದಲಾಗಿದೆ ಎಂದೆ. ಸರ್ಕಾರಿ ಭಾಷೆಯಲ್ಲಿ ಇದಕ್ಕಿಂತ ಗಟ್ಟಿಯಾದ ವಾಕ್ಯವಿಲ್ಲ, ಇದಕ್ಕಿಂತ ನಾಚಿಕೆಗೇಡಿನದೂ ಇಲ್ಲ. ಅವನು ಜಗಳ ಆಡಲಿಲ್ಲ. ಚೀಲ ಎರಡನ್ನೂ ಮತ್ತೆ ಹೇರಿಕೊಂಡು ಹೋದ. ಅವನ ನಂತರವೂ ಅಂಥವರು ಬಂದರು.

ಮುಖ್ಯಾಧಿಕಾರಿಗಳಿಗೆ ಎಲ್ಲವನ್ನೂ ಹೇಳಿದೆ. ಕುಂದರ್ರಿ ಎಂದು ಕೂರಿಸಿ, ನೀರು ಕೊಟ್ಟು, ಕೇಳಿದರು. "ನೋಡ್ರಿ, ಫೈಲಿಗೆ ಯಾರದರ ಒಂದು ಹೆಸರು ಬೇಕ್ರಿ. ಹೆಸರಿನ ಜಾಗಾ ಖಾಲಿ ಇದ್ರ ಮ್ಯಾಲಿನವರು ತಾವ ತುಂಬ್ತಾರ. ಆ ಮನಷ್ಯಾನ ಮ್ಯಾಲ ದೂರು ಬರದು ಕೊಡ್ರಿ. ಅಂಗಡಿ ಉಳದ್ರೂ ಉಳೀಬಹುದು."

ಮುಖ್ಯಾಧಿಕಾರಿಗಳು ಕೆಟ್ಟವರಲ್ಲ. ಕಾಗದ ತೆಗೆದುಕೊಂಡು ಕೂತೆ. ಆದರೆ ದೂರಿನಲ್ಲಿ ಏನೆಂದು ಬರೆಯುವುದು? ಪಂಚಾಯಿತಿಯ ಕಾಗದದಲ್ಲಿ ಎಲ್ಲಿಯೂ ಇಲ್ಲದ ಮನುಷ್ಯ, ಮುರಿಯದ ನಿಯಮ, ಅಸಲಿ ಪತ್ರಿಕೆ. ಮೋಸವಾದದ್ದು ನನಗೆ, ಸಂಘದ ಗೋದಾಮಿನ ಇಪ್ಪತ್ತಾರು ವರ್ಷಕ್ಕೆ. ಅದಕ್ಕೆ ನಮೂನೆ ಫಾರ್ಮು ಇಲ್ಲ. "ನಿಯಮ ರಚನೆಯಲ್ಲಿ ಲೋಪ, ರಚಿಸಿದವರು ವ್ಯವಸ್ಥಾಪಕರು" ಎಂದು ಬರೆದು ಸಹಿ ಮಾಡಿದೆ. ಸ್ನೇಹಕ್ಕಾಗಿ ಮಾಡಿದೆ ಎಂದು ಯಾರಾದರೂ ಹೊಗಳಿದರೆ ನಾನು ಒಪ್ಪುವುದಿಲ್ಲ. ಅವನ ಹೆಸರು ಬರೆಯಲು ಕೈ ತುರಿಸುತ್ತಿತ್ತು. ಬರೆದರೆ ಅದು ಸುಳ್ಳು ದೂರಾಗುತ್ತಿತ್ತು, ಅಷ್ಟೆ.

ಜೂನ್ ಸಭೆ ನಮ್ಮ ವಿಷಯವನ್ನು ಚಾ ಬರುವ ಮೊದಲೇ ಮುಗಿಸಿತು. ಅಂಗಡಿ ಮುಚ್ಚುವುದು, ಮಿಕ್ಕ ಮಾಲನ್ನೂ ಕಟ್ಟಡವನ್ನೂ ಹರಾಜು ಹಾಕುವುದು. ಹೊರಗೆ ಮಳೆ ಹಿಡಿದಿತ್ತು.

ಕೊನೆಯ ದಿನ ನಾಲ್ವರೂ ರ‍್ಯಾಕು ಖಾಲಿ ಮಾಡುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡು, ನಿಂತು, ಅವರಿಗೆ ಹೇಳಬೇಕಾದದ್ದನ್ನು ಹೇಳಿದೆ. ಒಬ್ಬ ಮನುಷ್ಯನನ್ನು ನಂಬಿದೆ, ಅವನು ಕೈ ಕೊಟ್ಟ, ಅದರ ಪೆಟ್ಟು ನಿಮ್ಮ ಅನ್ನದ ಮೇಲೆ ಬಿತ್ತು, ಕ್ಷಮಿಸಬೇಕು ಎಂದೆ.

ಹಿರಿಯಾಕೆ ಕೈಯಲ್ಲಿದ್ದ ಡಬ್ಬ ಕೆಳಗಿಟ್ಟಳು. "ಅಂದ್ರೆ... ನಿಮಗೆ ಗೊತ್ತಿರ್ಲಿಲ್ವಾ ಸರ್?"

"ಏನು?"

"ಆ ಯಾದಿ ಎಲ್ಲ ಸುಳ್ಳು ಅಂತ. ನಮಗೆ ಶಿವರಾತ್ರಿಗೇ ಗೊತ್ತಾಗಿತ್ತು. ನಾಕು ಮದುವೆ ಸಾಮಾನು ಒಂದೇ ಗಾಡೀಲಿ ಹೇರ್ಕಂಡು ಹೋಗ್ತಿದ್ರಲ್ಲ."

"ಗೊತ್ತಿದ್ದೂ ನನಗೊಂದು ಮಾತು ಹೇಳಲಿಲ್ಲವಲ್ಲ ತಂಗಿ!"

ಅವಳು ಉಳಿದ ಮೂವರ ಮುಖ ನೋಡಿದಳು. "ನಿಮ್ದೂ ಪಾಲಿದೆ ಅಂತ ಮಾಡಿದ್ವಿ ಸರ್. ಅವ್ರನ್ನ ಕರ್ಕಂಡು ಬಂದವ್ರು ನೀವು, ಯಾದಿಗೆ ಸಹಿ ಹಾಕೋರೂ ನೀವು. ಬಾಯಿ ಬಿಟ್ರೆ ಎಲ್ಲಿ ಕೆಲಸ ಹೋಗ್ತದೇನ ಅಂತ ಸುಮ್ನಿದ್ವಿ."



"ನಾಲ್ಕೂ ಜನ ಹಾಗೇ ತಿಳಿದಿದ್ದಿರಾ?" ಎಂದು ಕೇಳಿದೆ.

ಎಲ್ಲರಿಗಿಂತ ಚಿಕ್ಕವಳು ನನ್ನ ಮೇಲೆ ಕರುಣೆ ಬಂದವಳಂತೆ ಹೇಳಿದಳು: "ನಾನು ಮೊದ್ಲು ಹಾಂಗೆ ತಿಳ್ಕಂಡಿರ್ಲಿಲ್ಲ ಸರ್. ಕಡೀಗೆ ತಿಳ್ಕಂಡೆ."

ರ‍್ಯಾಕು ಭಾರವಿತ್ತು. ಹಿರಿಯಾಕೆ ಡಬ್ಬಗಳನ್ನು ಎತ್ತಿಕೊಂಡಳು, ಉಳಿದ ಮೂವರು ಮೂರು ಮೂಲೆ ಹಿಡಿದರು. ನಾನು ನಾಲ್ಕನೆಯದಕ್ಕೆ ಕೈ ಕೊಟ್ಟೆ.